ಡ್ರಾಗೆ ಕಾಯುವ ಕಾಲ

ಮೈಸೂರಿನ ಶ್ರೀರಾಂಪುರದ ಕಡೆಯಿಂದ ಮಾನಂದವಾಡಿ ರಸ್ತೆ ಹಿಡಿದು ಎಚ್.ಡಿ. ಕೋಟೆ ದಾಟಿದರೆ ಬಾವಲಿಯಲ್ಲಿ ಕರ್ನಾಟಕ ಮುಗಿಯುತ್ತದೆ. ಗಡಿಯ ಈಚೆ ಲಾಟರಿ ಮಾರಿದರೆ ಅಪರಾಧ. ಆಚೆಗೆ ಅದನ್ನು ಸರ್ಕಾರವೇ ಮಾರುತ್ತದೆ.

ಈ ದಾರಿ ತುಳಿದವರಲ್ಲಿ ಕೇರಳವೇ ಮೊದಲು. 1967ರಲ್ಲಿ ಅದು ಲಾಟರಿ ಇಲಾಖೆ ತೆರೆಯಿತು. ಮರುವರ್ಷ ಜನವರಿ 26ರಂದು ನಡೆದ ಮೊದಲ ಡ್ರಾಗೆ ಟಿಕೆಟ್ ಬೆಲೆ 1 ರೂಪಾಯಿ, ಪ್ರಥಮ ಬಹುಮಾನ 50,000. 1969ರಲ್ಲಿ ಮೈಸೂರು ರಾಜ್ಯವೂ ತನ್ನ ಲಾಟರಿ ತಂದಿತು. ಹೊಸ ತೆರಿಗೆ ಹಾಕದೆ ಖಜಾನೆ ತುಂಬುವ ಉಪಾಯ ಬಡ ರಾಜ್ಯಗಳಿಗೆ ಹಿಡಿಸಿದ್ದು ಸಹಜವೇ.

ನಮ್ಮ ತಂದೆ ಸಂಬಳದ ದಿನ ಒಂದೇ ಒಂದು ಟಿಕೆಟ್ ತಂದು ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಫಲಿತಾಂಶದ ದಿನ ಪೇಪರ್ ಹಾಸಿ, ಕೊನೆಯ ಅಂಕೆಯಿಂದ ಹಿಂದಕ್ಕೆ ಬೆರಳಿಟ್ಟು ಬರುತ್ತಿದ್ದರು. ‘ಒಂದು ನಂಬರಲ್ಲಿ ತಪ್ಪೋಯ್ತಲ್ಲೇ’ ಎಂದು ಅಮ್ಮನಿಗೆ ಹೇಳಿದರೆ ಆ ತಿಂಗಳ ಆಸೆ ಅಲ್ಲಿಗೆ ಮುಗಿಯಿತು. ಡ್ರಾ ದೂರವಿದ್ದದ್ದೇ ಅಂದಿನ ಮನೆಗಳನ್ನು ಕಾಪಾಡಿತು ಎಂದು ನಾನು ನಂಬುತ್ತೇನೆ. ಸೋತವನಿಗೆ ಮತ್ತೆ ಕೈ ಹಾಕಲು ಅವಕಾಶವೇ ಇರಲಿಲ್ಲ.

ಆ ಬಿಡುವನ್ನು ತಿಂದದ್ದು ಒಂದಂಕಿ ಲಾಟರಿ. ಕೊನೆಯ ಅಂಕೆ ಬಂದರೆ ಸಾಕು, ದುಡ್ಡು. ಬೆಳಗ್ಗೆ ಕಳೆದದ್ದನ್ನು ಸಂಜೆಯೊಳಗೆ ಹಿಂದಕ್ಕೆ ತರುವ ಹಟದಲ್ಲಿ ಕೂಲಿ, ತಾಳಿ, ಸೈಟು ಎಲ್ಲ ಹೋದವು. 1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಕಾಯ್ದೆ ತಂದು ಒಂದಂಕಿಯ ಬಹುಮಾನವನ್ನು ನಿಷೇಧಿಸಿತು, ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ ಎಂದಿತು. ಹೊರರಾಜ್ಯದ ಲಾಟರಿಯನ್ನು ತಡೆಯುವ ಅಧಿಕಾರವನ್ನೂ ರಾಜ್ಯಗಳಿಗೆ ಕೊಟ್ಟಿತು. ಆದರೆ ಆಮೇಲೆ ಆನ್‌ಲೈನ್ ಲಾಟರಿಯ ಟರ್ಮಿನಲ್‌ಗಳು ಬಂದವು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕ ಎಲ್ಲ ಲಾಟರಿಗಳನ್ನೂ ನಿಲ್ಲಿಸಿತು, ತನ್ನದನ್ನೂ ಸೇರಿಸಿ.

ಆ ತೀರ್ಮಾನ ಸರಿ. ಆದರೆ ಹಲಗೆಗೆ ಟಿಕೆಟ್ ಕ್ಲಿಪ್ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ ಅಂಗವಿಕಲರು, ವಯಸ್ಸಾದವರು ಮರುದಿನ ಏನು ಮಾಡಬೇಕೆಂದು ಕೇಳಿದವರು ಕಡಿಮೆ. ಕೇರಳದಲ್ಲಿ ಇಂಥವರ ಜೀವನ ಇಂದಿಗೂ ಲಾಟರಿಯಿಂದಲೇ ಸಾಗುತ್ತಿದೆ. ಅಲ್ಲಿ 2011ರಲ್ಲಿ ಬಂದ ಕಾರುಣ್ಯ ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೆ ಹೋಗಿದೆ. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಬಡವನ ಆಸ್ಪತ್ರೆ ಖರ್ಚನ್ನು ಇನ್ನೊಬ್ಬ ಬಡವನ ಸೋಲಿನಿಂದ ತುಂಬಿಸುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ನಿಷೇಧದಿಂದ ಆಸೆಯೇನೂ ಸಾಯಲಿಲ್ಲ. 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಜಾಲ ಬಯಲಾಗಿ ತನಿಖೆ ಸಿಬಿಐಗೆ ಹೋಯಿತು. ಮಂಗಳೂರಿನವರು ತಲಪಾಡಿ ದಾಟಿ ಟಿಕೆಟ್ ತಂದರೆ ನಮ್ಮ ಕಡೆಯವರು ವಯನಾಡಿನಿಂದ ತಂದರು. 2024ರಲ್ಲಿ ಕೇರಳದ ತಿರುವೋಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯ ಒಬ್ಬರಿಗೆ ಒಲಿದಾಗ ಈ ಭಾಗದ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಈಗ ಕಾಯುವ ಕಾಲವೇ ಉಳಿದಿಲ್ಲ. ಫೋನಿನ ಆಟದಲ್ಲಿ ದುಡ್ಡು ಕಟ್ಟಿದ ಕ್ಷಣದಲ್ಲೇ ಸೋಲು. ಇಂಥ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಮರುವರ್ಷ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಗೀಳಿಗೆ ಪ್ರತ್ಯೇಕ ಕ್ಲಿನಿಕ್ ಇದೆ. ಕೂಲಿ ಬಿಟ್ಟು ಕೋಟೆಯಿಂದ ಅಲ್ಲಿಯವರೆಗೆ ಯಾರು ಹೋಗುತ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೊಬ್ಬ ಆಪ್ತಸಮಾಲೋಚಕರಾದರೂ ಬೇಕು.