ಅಜ್ಜಿ ಹಾಕಿದ ಬೇಲಿ

ಅಮೆರಿಕದ ಕಾಲೇಜುಗಳಲ್ಲಿ ಸೊರೊರಿಟಿ ಅಂತ ಹುಡುಗಿಯರ ಸಂಘಗಳಿವೆ. ಅಮ್ಮನೋ ಅಜ್ಜಿಯೋ ಸದಸ್ಯೆಯಾಗಿದ್ದರೆ ಹುಡುಗಿ ‘ಲೆಗಸಿ’. ಆಯ್ಕೆಯಲ್ಲಿ ಬಹುಕಾಲ ಅವಳಿಗೇ ಮೊದಲ ಮಣೆ ಇತ್ತು. ಆ ಸಂಘ ಬೇಡ ಅಂದ್ರೆ ಮನೆಯಲ್ಲಿ ಮುನಿಸು. ನೋಡೋಕೆ ಬರೀ ಪ್ರೀತಿ. ಆದರೆ ಅಜ್ಜಿಯ ಕಾಲದಲ್ಲಿ ಕಪ್ಪು ಹುಡುಗಿಯರಿಗೆ ಬಾಗಿಲೇ ಮುಚ್ಚಿತ್ತಲ್ಲ, ಅವರ ಮೊಮ್ಮಗಳು ಲೆಗಸಿ ಆಗೋದು ಹೇಗೆ?

ಕಪ್ಪು ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. 1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. 1913ರಲ್ಲಿ ಅಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಅದೇ ಮಾರ್ಚ್‌ನಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಬೀದಿಗಿಳಿದರು.

ನೂರು ವರ್ಷದ ನಂತರ, 2013ರಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ಬಿಳಿಯರ ಸೊರೊರಿಟಿಗಳು ಕಪ್ಪು ಹುಡುಗಿಯರನ್ನು ಹೊರಗಿಟ್ಟದ್ದು ವಿದ್ಯಾರ್ಥಿ ಪತ್ರಿಕೆಯಲ್ಲಿ ಬಯಲಾಯ್ತು. ಬಾಯಿಬಿಟ್ಟವರು ಒಳಗಿದ್ದ ಬಿಳಿ ಹುಡುಗಿಯರೇ: ನಾವು ಸೇರಿಸಿಕೊಳ್ಳೋಣ ಅಂದ್ವಿ, ಅಡ್ಡ ಬಂದದ್ದು ಹಳೇ ಸದಸ್ಯೆಯರು ಅಂತ. ಪ್ರತಿಭಟನೆ ನಡೆಯಿತು, ಬಾಗಿಲು ತೆರೆಯಿತು. 2020ರ ನಂತರ ಹಲವು ಸೊರೊರಿಟಿಗಳು ಲೆಗಸಿ ಆದ್ಯತೆಯನ್ನೇ ಬಿಟ್ಟವು.

ಹುಟ್ಟಿನಿಂದ ಬರುವ ಜಾಗ ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. “ನಾನು ಜಾತಿ ನೋಡಲ್ಲ, ಆದ್ರೆ ಮನೇಲಿ ಹಿರಿಯರು ಒಪ್ಪಲ್ಲ” ಅನ್ನೋ ಗೆಳೆಯರೇ, ಆ ಹುಡುಗಿಯರನ್ನು ನೋಡಿ. ಹಿರಿಯರನ್ನು ಗೌರವಿಸಿ, ಅವರ ಬೇಲಿಯನ್ನಲ್ಲ.

ಜೈ ಭೀಮ್.