ಬೆಟ್ಟದ ಹೆಸರು ಹೊತ್ತ ಪರದೇಶಿ ಮರ

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯನ್ನೇರಿದಾಗ ಈ ಬೆಟ್ಟಗಳು ನಿರ್ಜನವಾಗಿರಲಿಲ್ಲ. ತೋಡರ ಎಮ್ಮೆಗಳು ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದವು. ಬಡಗಣ ದಿಕ್ಕಿನಿಂದ ಬಂದು ಆ ಹೆಸರನ್ನೇ ಪಡೆದ ಬಡಗರು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುತ್ತ ಬೇಸಾಯ ನಡೆಸುತ್ತಿದ್ದರು.

ತಂಪನ್ನರಸಿ ಬಂದ ಆಂಗ್ಲರು ಉದಕಮಂಡಲವನ್ನು ಗಿರಿಧಾಮವಾಗಿಸಿದರು. ಅವರ ಸೌದೆಯ ಅಗತ್ಯಕ್ಕೆಂದು ಆಸ್ಟ್ರೇಲಿಯಾದ ಯೂಕಲಿಪ್ಟಸ್ ಇಲ್ಲಿ ಬೇರೂರಿತು. ಆ ಪರದೇಶಿ ಮರವನ್ನೇ ಕನ್ನಡಿಗರು ‘ನೀಲಗಿರಿ’ ಎಂದು ಕರೆಯುತ್ತಿರುವುದು ಚರಿತ್ರೆಯ ವಿಪರ್ಯಾಸ. ಚಹಾ ತೋಟಗಳೂ ನೆಡುತೋಪುಗಳೂ ಹಬ್ಬಿದಂತೆ ಹುಲ್ಲುಗಾವಲು, ಶೋಲಾ ಕಾಡುಗಳು ಕುಗ್ಗಿದವು. ಮಳೆನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ತೊರೆಗಳಿಗೆ ಬಿಡುವುದು ಇವೇ. ಆ ತೊರೆಗಳೇ ಮೋಯಾರು, ಭವಾನಿಗಳಾಗಿ ಕಾವೇರಿಯನ್ನು ಸೇರುತ್ತವೆ.

1908ರಲ್ಲಿ ರೈಲು ಉದಕಮಂಡಲವನ್ನು ಮುಟ್ಟಿತು. ಅನಂತರ ಮೋಟಾರುಗಳು ಬಂದವು. ಇತ್ತ ಸಂರಕ್ಷಣೆಯ ಯತ್ನಗಳೂ ನಡೆದವು. 1940ರಲ್ಲಿ ಮುದುಮಲೆ ಅಭಯಾರಣ್ಯವಾಯಿತು. 1986ರಲ್ಲಿ ತಮಿಳುನಾಡು, ಕರ್ನಾಟಕ, ಕೇರಳಗಳನ್ನು ಬೆಸೆಯುವ ನೀಲಗಿರಿ ಜೀವಗೋಳ ಮೀಸಲು ಪ್ರದೇಶ ಘೋಷಿತವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಆದರೂ ವಾಹನಗಳ ದಟ್ಟಣೆ ಮಿತಿಮೀರಿ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸ್ ಕಡ್ಡಾಯವಾಯಿತು.

ಲೆಕ್ಕವಿಟ್ಟು ಒಳಬಿಟ್ಟ ಮಾತ್ರಕ್ಕೆ ಪ್ರವಾಸವು ಪರಿಸರಸ್ನೇಹಿಯಾಗದು. ಪ್ರವಾಸಿಯ ಹಣದಲ್ಲಿ ಒಂದು ಪಾಲು ಹುಲ್ಲುಗಾವಲಿನ ಪುನರುಜ್ಜೀವನಕ್ಕೂ, ಇನ್ನೊಂದು ಪಾಲು ಇಲ್ಲಿನ ಮೂಲನಿವಾಸಿಗಳ ಬದುಕಿಗೂ ಸಲ್ಲಬೇಕು. ತಂಪನ್ನು ಕೊಟ್ಟ ಕಾಡೇ ಅಳಿದರೆ ಅತಿಥಿಯೂ ಬಾರನು, ಆತಿಥೇಯನೂ ಬಾಳನು.

ಮೈಸೂರು, ಬೆಂಗಳೂರುಗಳಿಂದ ನೆಂಟರಿಷ್ಟರು ಬಂದಾಗ ನಾವು ಕೆರೆ, ಉದ್ಯಾನಗಳನ್ನು ತೋರಿಸುತ್ತೇವೆ. ಇನ್ನು ಮುಂದೆ ಶೋಲಾದ ಅಂಚಿನಲ್ಲಿ ಹರಿಯುವ ಒಂದು ತೊರೆಯನ್ನೂ ತೋರಿಸೋಣ. ಅವರ ಊರಿನ ನೀಲಗಿರಿ ತೋಪು ನಿಜವಾದ ನೀಲಗಿರಿಯಲ್ಲವೆಂಬುದು ಅಲ್ಲಿ ತಾನಾಗಿ ತಿಳಿಯುವುದು.