ಪಾದ್ರಿಯ ಪುಷ್ಯಮಾಸ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಾನು ತಪ್ಪದೆ ಹೋಗುವುದುಂಟು. ನನಗೆ ಬೇಕಾದದ್ದು ಎತ್ತಲ್ಲ, ಮಾತು. ಹಲ್ಲು ನೋಡಿ ವಯಸ್ಸು ಹೇಳುವವರ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರ ಕನ್ನಡ ನಮ್ಮ ತರಗತಿಯಲ್ಲಿ ಕೇಳಸಿಗುವಂಥದಲ್ಲ. ಒಂದು ವರ್ಷ ಜಾತ್ರೆ ಕ್ರಿಸ್ಮಸ್ ವಾರದಲ್ಲೇ ಕೂಡಿತ್ತು. ಜೊತೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬನಿಗೆ, ಹಿಂದೆ ಇಂಥ ಜಾತ್ರೆಗಳಿಗೆ ಪಾದ್ರಿಗಳೂ ಬರುತ್ತಿದ್ದರೆಂದೂ, ಅವರಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಯಿತೆಂದೂ ಹೇಳಿದೆ. ಅವನು ತಟ್ಟನೆ ಕೇಳಿದ: “ಅವರು ಬಂದದ್ದು ನಮ್ಮವರನ್ನ ತಮ್ಮ ಮತಕ್ಕೆ ಸೇರಿಸಿಕೊಳ್ಳೋದಕ್ಕೆ ಅಲ್ವಾ ಸಾರ್? ಅದನ್ನ ಉಪಕಾರ ಅಂತ ಯಾಕೆ ಅನ್ನಬೇಕು?”

ಅಂದು ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಈ ಬರಹ ಆ ಉತ್ತರದ ತಿದ್ದುಪಡಿ.

ಬೆಂಗಳೂರಿನ ಅವೆನ್ಯೂ ರಸ್ತೆಯ ಗದ್ದಲದ ನಡುವೆ ರೈಸ್ ಸ್ಮಾರಕ ಚರ್ಚನ್ನು ನೀವು ನೋಡಿರಬಹುದು. ಆ ಹೆಸರು ಬೆಂಜಮಿನ್ ರೈಸ್ ಎಂಬ ಪಾದ್ರಿಯದು. ಲಂಡನ್ ಮಿಷನ್ನಿನ ಈ ತರುಣ 1837ರಲ್ಲಿ ಹೆಂಡತಿಯೊಡನೆ ಬೆಂಗಳೂರಿಗೆ ಬಂದ. 1887ರಲ್ಲಿ ಇಲ್ಲೇ ತೀರಿಕೊಂಡ. ನಡುವೆ ಐವತ್ತು ವರ್ಷ ಕನ್ನಡದಲ್ಲಿ ಬೋಧಿಸಿದ, ಶಾಲೆ ನಡೆಸಿದ, ಶಾಲೆಯ ಮಕ್ಕಳಿಗೆ ಪುಸ್ತಕ ಬರೆದ, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ಕೈಜೋಡಿಸಿದ. ಅವನ ಹೆಂಡತಿಯೂ ಆಕೆಯ ಗೆಳತಿಯರೂ ಪೇಟೆಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸತೊಡಗಿದ್ದು 1840ರ ದಶಕದಲ್ಲಿ. ಅಂದಿಗೆ ಅದು ಊರೇ ಬೆರಗಾಗುವ ಸಂಗತಿ.

ಇಂಥ ಹಿರಿಯ ಪಾದ್ರಿಗೆ ಕ್ರಿಸ್ಮಸ್ ಕಾಲ ಹೇಗಿದ್ದಿತು? ಕೇಕು, ನಕ್ಷತ್ರದ ದೀಪ, ಅಲಂಕರಿಸಿದ ಮರ ನಮ್ಮ ಕಣ್ಣಿಗೆ ಬರುತ್ತವೆ. ಆದರೆ ಈ ಸಡಗರ ನಾವೆಣಿಸಿದಷ್ಟು ಹಳೆಯದಲ್ಲ. ಡಿಕನ್ಸನ ಪ್ರಸಿದ್ಧ ಕ್ರಿಸ್ಮಸ್ ಕಥೆ ಅಚ್ಚಾದದ್ದು 1843ರಲ್ಲಿ. ಹಬ್ಬದ ಕಾರ್ಡು ಮೊದಲು ಮಾರಾಟಕ್ಕೆ ಬಂದದ್ದೂ ಅದೇ ವರ್ಷ. ವಿಕ್ಟೋರಿಯಾ ರಾಣಿಯ ಸಂಸಾರ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದು ಜನ ಮರುಳಾದದ್ದು 1848ರಲ್ಲಿ. ರೈಸ್ ಹಡಗು ಹತ್ತಿದ್ದು 1836ರಲ್ಲಿ. ಮೇಲಾಗಿ ಲಂಡನ್ ಮಿಷನ್ನಿನವರಲ್ಲಿ ಹೆಚ್ಚಿನವರು ಪ್ಯೂರಿಟನ್ ಪರಂಪರೆಯವರು; ಅವರ ಹಿರೀಕರು 1647ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಆಚರಣೆಯನ್ನೇ ನಿಷೇಧಿಸಿದ್ದವರು! ನಾವು ಇಂಗ್ಲಿಷರ ಹಬ್ಬ ಎನ್ನುವುದು ಇಂಗ್ಲೆಂಡಿನಲ್ಲಿ ಮೈದುಂಬುತ್ತಿದ್ದ ಕಾಲಕ್ಕೆ ಈತ ಬೆಂಗಳೂರಿನಲ್ಲಿ ಕನ್ನಡದ ಕ್ರಿಯಾಪದಗಳೊಡನೆ ಗುದ್ದಾಡುತ್ತಿದ್ದ.

ಅವರಿಗೆ ಡಿಸೆಂಬರ್ ಎಂದರೆ ದುಡಿಮೆಯ ತಿಂಗಳು. ಮಳೆ ನಿಂತು ದಾರಿ ಒಣಗಿರುತ್ತದೆ. ರಾಗಿ ಕೊಯ್ಲು ಮುಗಿದು ರೈತ ಕಣದಲ್ಲಿರುತ್ತಾನೆ. ಮಾತನಾಡಲು ಪುರಸತ್ತು ಇರುತ್ತದೆ. ಜಾತ್ರೆಗಳು ಒಂದರ ಹಿಂದೊಂದು ಕೂಡುತ್ತವೆ. ಆದ್ದರಿಂದ ಮೈಸೂರು ಸೀಮೆಯ ಪಾದ್ರಿಗಳೆಲ್ಲ ಎತ್ತಿನ ಬಂಡಿಗೆ ಡೇರೆಯನ್ನೂ ಪುಸ್ತಕದ ಪೆಟ್ಟಿಗೆಯನ್ನೂ ಹೇರಿ ಹಳ್ಳಿಗಳಿಗೆ ಹೊರಡುತ್ತಿದ್ದ ಕಾಲ ಇದೇ. ವರ್ಷದ ವರದಿಯನ್ನು ಸೀಮೆಗೆ ಬರೆದು ಕಳಿಸುವ ಕೆಲಸ ಬೇರೆ. ದೊಡ್ಡಬಳ್ಳಾಪುರಕ್ಕೆ ರೈಲು ಬಂದದ್ದು 1890ರ ದಶಕದಲ್ಲಿ. ಅದಕ್ಕೆ ಮುಂಚೆ ಬೆಂಗಳೂರಿನಿಂದ ಇಪ್ಪತ್ತೈದು ಮೈಲಿ ಬಂಡಿಯಲ್ಲಿ ಕುಲುಕಿಕೊಂಡು ಬರಬೇಕಾದರೆ ಒಂದು ಹಗಲು ಸಾಲದು. ಇಂದು ಅದೇ ವಾರ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ರಜೆಯ ಜನ ಸಾಲುಗಟ್ಟಿ ಧಾವಿಸುವುದನ್ನು ಕಂಡಾಗ ನನಗೆ ಆ ಬಂಡಿ ನೆನಪಾಗುತ್ತದೆ.

ಈ ದುಡಿಮೆಯಿಂದ ಅವರಿಗೆ ದೊರೆತದ್ದೇನು? ಜಾತ್ರೆಯ ಜನ ಕೇಳಿದರು, ವಾದಿಸಿದರು, ನಕ್ಕರು, ತೇರು ಎಳೆಯಲು ಹೋದರು. ಮತಕ್ಕೆ ಸೇರಿದ ಒಕ್ಕಲು ಮಕ್ಕಳು ಬಹಳ ಕಡಮೆ. ಪಾದ್ರಿಗಳು ನಮ್ಮ ದೇವರುಗಳ ಬಗ್ಗೆ ಆಡಿದ ಮಾತು ಎಷ್ಟೋ ಸಲ ಒರಟಾಗಿತ್ತು. ಮತ ಬಿಟ್ಟವನ ಮನೆಯಲ್ಲಿ ಅವನ ತಾಯಿ ಅತ್ತದ್ದೂ ಸುಳ್ಳಲ್ಲ. 1876ರಿಂದ 78ರ ಧಾತು-ಈಶ್ವರ ಬರದಲ್ಲಿ ಕಣಗಳು ಬರಿದಾದುವು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಕೋಲಾರದಲ್ಲಿ ಮಿಸ್ ಆನ್ಸ್ಟಿ ಎಂಬಾಕೆ ನೂರಾರು ಅನಾಥ ಮಕ್ಕಳನ್ನು ಸಾಕಿದಳು. ಆ ಮಕ್ಕಳು ಉಳಿದರು, ಕ್ರೈಸ್ತರಾಗಿ ಬೆಳೆದರು. ಇದನ್ನು ಕರುಣೆ ಎಂದು ಮಾತ್ರ ಹೇಳಿದರೂ ಅರ್ಧ ಸತ್ಯ, ಉಪಾಯ ಎಂದು ಮಾತ್ರ ಹೇಳಿದರೂ ಅರ್ಧ ಸತ್ಯ. ನನ್ನ ವಿದ್ಯಾರ್ಥಿಯ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಆದರೆ ಉಪದೇಶ ಮಾಡಬೇಕಾದವನು ಮೊದಲು ಕೇಳಬೇಕಾಗುತ್ತದೆ. ಕಣದಲ್ಲಿ, ಕಟ್ಟೆಯ ಮೇಲೆ, ಜಾತ್ರೆಯಲ್ಲಿ ಜನರಾಡುವ ಮಾತು ಹಿಡಿಯದ ಹೊರತು ಅವನ ಬಾಯಿ ಏಳದು. ವಿಲಿಯಂ ರೀವನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದದ್ದು, ಸ್ಯಾಂಡರ್ಸನ್ 1858ರಲ್ಲಿ ಅದನ್ನು ತಿದ್ದಿದ್ದು ಈ ಅಗತ್ಯದಿಂದ. ಕಿಟ್ಟೆಲ್ ಐವತ್ತು ದಾಟಿದ ಮೇಲೆ 1883ರಲ್ಲಿ ಜರ್ಮನಿಯಿಂದ ಮರಳಿ ಬಂದು, ಸುಮಾರು 70,000 ಶಬ್ದಗಳ ಕೋಶವನ್ನು ಮುಗಿಸಿದ. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ರೈಸನ ಮನೆಯನ್ನೇ ನೋಡಿ. ಅವನು ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಲೂಯಿ ರೈಸ್, ಶಾಸನಗಳ ಬೆನ್ನು ಹತ್ತಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದ. 1905ರಲ್ಲಿ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವನ್ನು ತೆರೆದರೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಹಳ್ಳಿಗಳೆಲ್ಲ ಸಾಲಾಗಿ ಎದುರು ನಿಲ್ಲುತ್ತವೆ. ಇನ್ನೊಬ್ಬ ಮಗ ಎಡ್ವರ್ಡ್ ರೈಸ್ ತಂದೆಯಂತೆ ಪಾದ್ರಿಯಾದ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ. ತಂದೆ ಕಟ್ಟಬಯಸಿದ್ದು ಕ್ರಿಸ್ತನ ಸಭೆಯನ್ನು. ಮಕ್ಕಳು ಹೊತ್ತು ತಂದದ್ದು ಕನ್ನಡದ ಬುತ್ತಿಯನ್ನು.

ಈಗ ನನ್ನ ತಿದ್ದುಪಡಿ. ಉಪಕಾರ ಎಂಬ ಮಾತು ಸುಳ್ಳಲ್ಲ, ಆದರೆ ಅದನ್ನು ಮೊದಲು ಮಾಡಿದವರು ನಮ್ಮವರೇ. ದೊರೆಗಳ ಬಣ್ಣದ ಮನುಷ್ಯನ ತಪ್ಪು ಉಚ್ಚಾರಣೆಯನ್ನು ತಿದ್ದಿದ ಮುನ್ಷಿ, ನೇಗಿಲಿನ ಭಾಗಗಳ ಹೆಸರು ಹೇಳಿಕೊಟ್ಟ ರೈತ, ನೀರು ಕೊಟ್ಟ ಮುದುಕಿ, ಇವರ ಹೆಸರು ಯಾವ ಚರ್ಚಿನ ಮೇಲೂ ಇಲ್ಲ. ಆ ಮಾತನ್ನು ಕಾಪಾಡಿ ಹಿಂದಿರುಗಿಸಿದ್ದು ಪಾದ್ರಿಯ ದೊಡ್ಡತನ. ಅವನ ಉದ್ದೇಶವನ್ನು ಒಪ್ಪದೆಯೂ ಅವನ ಕಿವಿಗೆ ನಾವು ಗೌರವ ಸಲ್ಲಿಸಬಹುದು. ಎಪ್ಪತ್ತು ದಾಟಿದ ಮೇಲೂ ಆತ ಈ ನಾಡನ್ನು ಬಿಡಲಿಲ್ಲ. ನಾವೋ, ಕನ್ನಡದ ಮೇಷ್ಟ್ರುಗಳು, ಜಾತ್ರೆಯ ದಿನ ರಜೆ ಹಾಕಿ ಮನೆಯಲ್ಲಿರುತ್ತೇವೆ.

ಮರುವರ್ಷವೂ ಆ ಹುಡುಗ ನನ್ನೊಡನೆ ಘಾಟಿಗೆ ಬಂದ. ವ್ಯಾಪಾರಿಯೊಬ್ಬ ಎತ್ತಿನ ದವಡೆ ಹಿಡಿದು, “ಬಾಯಿಗೂಡೈತೆ ಸ್ವಾಮಿ” ಎಂದ. ಹಲ್ಲೆಲ್ಲ ಬಂದು ಪ್ರಾಯ ತುಂಬಿದೆ ಎಂದು ಅದರ ಅರ್ಥ. ನಾನು ಹೇಳುವ ಮುಂಚೆಯೇ ಹುಡುಗ ಆ ವ್ಯಾಪಾರಿಯನ್ನೇ ಕೇಳಿ ತಿಳಿದುಕೊಂಡು, ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ.